ಬಾನುಲಿ, ವಾನೊಲಿ ಮತ್ತು ಅಪ್ಪನ ಟ್ರಾನ್ಸಿಸ್ಟರ್

ಹಾಸನದಿಂದ ಅಪ್ಪ ಚೆನ್ನೈಗೆ ಬಂದಾಗಲೆಲ್ಲ ಬ್ಯಾಗಿನಲ್ಲಿ ಎರಡು ವಸ್ತು ಇದ್ದೇ ಇರುತ್ತವೆ: ಅಮ್ಮ ಮಾಡಿದ ಸಾರಿನ ಪುಡಿ ಮತ್ತು ಹಳೇ ಟ್ರಾನ್ಸಿಸ್ಟರ್. ಬೆಳಿಗ್ಗೆ ಕನ್ನಡ ವಾರ್ತೆ ಕೇಳದಿದ್ದರೆ ಅವರಿಗೆ ಕಾಫಿ ರುಚಿಸುವುದಿಲ್ಲ. ವೇಳಚೇರಿಯ ನಮ್ಮ ಫ್ಲ್ಯಾಟಿನಲ್ಲಿ ಎಷ್ಟು ತಿರುಗಿಸಿದರೂ ಬರುತ್ತಿದ್ದುದು ತಮಿಳು, ಇಲ್ಲವೇ ಗೊರಗೊರ ಸದ್ದು. "ಇಷ್ಟು ದೊಡ್ಡ ಊರಲ್ಲಿ ನಮ್ಮ ಭಾಷೇದು ಒಂದು ಸ್ಟೇಷನ್ ಇಲ್ವೇನೋ?" ಅಂದರು.

ಆ ಪ್ರಶ್ನೆ ನನ್ನನ್ನು ರೇಡಿಯೋ ಇತಿಹಾಸದತ್ತ ಎಳೆಯಿತು. ದೇಶದಲ್ಲಿ ಆಕಾಶವಾಣಿ ಹುಟ್ಟುವ ಮೊದಲೇ ಈ ಊರಿಗೆ ರೇಡಿಯೋ ಹುಚ್ಚು ಹಿಡಿದಿತ್ತು. 1924ರಲ್ಲಿ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿ ಮತ್ತು ಗೆಳೆಯರು ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಕಟ್ಟಿ ಪ್ರಸಾರ ಆರಂಭಿಸಿದರು. ಹಣ ಸಾಲದೆ 1927ರಲ್ಲಿ ಅದು ನಿಂತಿತು. ಅದರ ಟ್ರಾನ್ಸ್‌ಮಿಟರ್ ಪಡೆದ ಮದ್ರಾಸ್ ಕಾರ್ಪೊರೇಷನ್ 1930ರಲ್ಲಿ ಪ್ರಸಾರ ಮುಂದುವರಿಸಿತು. 1938ರ ಜೂನ್ 16ರಂದು ಆಲ್ ಇಂಡಿಯಾ ರೇಡಿಯೋದ ಮದ್ರಾಸ್ ಕೇಂದ್ರ ಶುರುವಾಯಿತು.

ಈ ನಡುವೆ, 1935ರ ಸೆಪ್ಟೆಂಬರ್‌ನಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಕೇಂದ್ರ ತೆರೆದಿದ್ದರು. ಅದರ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶದ ಸರ್ಕಾರಿ ರೇಡಿಯೋದ ಹೆಸರಾಯಿತು. ತಮಿಳರು ಮಾತ್ರ ರೇಡಿಯೋವನ್ನು 'ವಾನೊಲಿ' ಅನ್ನುತ್ತಾರೆ. ನಮ್ಮ 'ಬಾನುಲಿ'ಯ ಅಕ್ಕನೋ ತಂಗಿಯೋ ಇರಬೇಕು!

ಹೊರನಾಡಿಗರ ರೇಡಿಯೋ ಎಂದರೆ ಅಮೆರಿಕದ ಉದಾಹರಣೆ ಇದೆ. 1946ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಮೆಕ್ಸಿಕೋ ಮೂಲದ ರಾವುಲ್ ಕೋರ್ಟೆಸ್ ಕೆಸಿಒಆರ್ ಎಂಬ ಸ್ಪ್ಯಾನಿಷ್ ಕೇಂದ್ರ ಆರಂಭಿಸಿದರು. ದುಡಿಯಲು ಬಂದವರಿಗೆ ಇಡೀ ದಿನ ತಮ್ಮ ಭಾಷೆ ಕೇಳಿಸಿತು.

ನಮ್ಮಲ್ಲೂ ದಾರಿ ಇಲ್ಲದಿಲ್ಲ. 2004ರಲ್ಲಿ ಇಲ್ಲೇ ಗಿಂಡಿಯ ಅಣ್ಣಾ ವಿಶ್ವವಿದ್ಯಾಲಯದಲ್ಲಿ ದೇಶದ ಮೊದಲ ಕ್ಯಾಂಪಸ್ ಸಮುದಾಯ ರೇಡಿಯೋ ಶುರುವಾಯಿತು. 2006ರಿಂದ ಲಾಭದ ಉದ್ದೇಶವಿಲ್ಲದ ಸಂಘಸಂಸ್ಥೆಗಳೂ ಅರ್ಜಿ ಹಾಕಬಹುದು. ಆದರೆ ಅದರ ಸದ್ದು ಹತ್ತು ಹದಿನೈದು ಕಿಲೋಮೀಟರ್ ದಾಟದು. ಅಂಬತ್ತೂರಿನ ಕನ್ನಡಿಗನಿಗೂ ಸಿರುಸೇರಿಯ ಕನ್ನಡಿಗನಿಗೂ ಒಂದೇ ಕೇಂದ್ರ ಸಾಲದು.

ಒಂದು ರಾತ್ರಿ ಊಟವಾದ ಮೇಲೆ ಅಪ್ಪ ಬಾಲ್ಕನಿಯಲ್ಲಿ ಮೀಡಿಯಂ ವೇವ್ 612ಕ್ಕೆ ತಿರುಗಿಸಿದರು. ಹಗಲು ಅಯಾನುಗೋಳದ ಕೆಳಪದರ ಹೀರಿಕೊಳ್ಳುವ ಈ ಅಲೆಗಳು ರಾತ್ರಿ ಅದರ ಮೇಲ್ಪದರಕ್ಕೆ ತಾಗಿ ಬಹುದೂರ ಇಳಿಯುತ್ತವೆ. ಸುಮಾರು 290 ಕಿಲೋಮೀಟರ್ ದಾಟಿ ಬೆಂಗಳೂರು ಕೇಂದ್ರ ಏರಿಳಿಯುತ್ತಾ ಕೇಳಿಸಿತು. ಏಳು ವರ್ಷದ ಮಗಳು ಓಡಿಬಂದು ಕಿವಿಯಿಟ್ಟಳು. "ತಾತ, ಇವ್ರೂ ನಮ್ ಮನೆ ಭಾಷೆ ಮಾತಾಡ್ತಾರೆ!"

ನನಗೆ ಮಾತೇ ಹೊರಡಲಿಲ್ಲ. ಕನ್ನಡವೆಂದರೆ ನಮ್ಮ ನಾಲ್ಕು ಗೋಡೆಯೊಳಗಿನ ಮಾತು ಎಂದುಕೊಂಡಿತ್ತು ಮಗು. ಮೊಬೈಲಿನಲ್ಲಿ ಎಲ್ಲ ಕನ್ನಡ ಕೇಂದ್ರ ಸಿಗುವಾಗಲೂ ನಾನು ಒಂದು ದಿನ ಹಾಕಿರಲಿಲ್ಲ.

ಈಗ ಅಪ್ಪ ಪ್ರತಿ ಭಾನುವಾರ ಹಾಸನದಿಂದ ವಾಟ್ಸಾಪಿನಲ್ಲಿ ಐದು ನಿಮಿಷದ 'ವಾರ್ತೆ' ಓದಿ ಕಳಿಸುತ್ತಾರೆ: ಮಳೆ, ಆಲೂಗೆಡ್ಡೆ ರೇಟು, ಪಕ್ಕದ ಮನೆ ಕರು. ಮಗಳು ಉತ್ತರವಾಗಿ 'ಚೆನ್ನೈ ವಾರ್ತೆ' ಓದುತ್ತಾಳೆ. ನಡುನಡುವೆ ತಮಿಳು ನುಸುಳುತ್ತದೆ. ಅಪ್ಪ ಮಾತ್ರ ಅದನ್ನು ಊರಿನವರಿಗೆಲ್ಲ ಕೇಳಿಸುತ್ತಾರಂತೆ.