ಜರಡಿಯ ವಿದ್ಯಾಭ್ಯಾಸ

ಧಾನ್ಯವನ್ನು ಕೇರುವವರು ಜೊಳ್ಳನ್ನು ಬಲ್ಲರೆ ಸಾಲದು, ಕಾಳನ್ನೂ ಬಲ್ಲವರಾಗಿರಬೇಕು. ಗಣಕಯಂತ್ರದ ಅಂಚೆಪೆಟ್ಟಿಗೆಗೂ ಈ ಮಾತು ಸಲ್ಲುತ್ತದೆ. ಜಯನಗರದ ನಾಲ್ಕನೆಯ ಬ್ಲಾಕಿನ ನಿವೃತ್ತ ಅಧ್ಯಾಪಕನಾದ ನಾನು ಬೆಳಗ್ಗೆ ಇಮೇಲ್ ತೆರೆದರೆ, ಬಂಧುಮಿತ್ರರಿಗಿಂತ ಮುಂಚೆ ಸಾಲ ಕೊಡುವ ಉದಾರಿಗಳೂ ನಿವೇಶನ ಮಾರುವ ಹಿತೈಷಿಗಳೂ ಕಂಡರಿಯದ ದೇಶದ ಲಾಟರಿಯನ್ನು ನನ್ನ ಹೆಸರಿಗೆ ಬರೆದಿಟ್ಟ ಪುಣ್ಯಾತ್ಮರೂ ಸಾಲುಗಟ್ಟಿ ನಿಂತಿರುತ್ತಾರೆ.

ಈ ಪೀಡೆ ಇಂದು ನಿನ್ನೆಯದಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಗ್ಯಾರಿ ಥುರ್ಕ್ ಎಂಬ ಮಾರಾಟಗಾರನು ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಕಳುಹಿಸಿದನು. ಸ್ಪ್ಯಾಮಿನ ಆದಿಪರ್ವವೆಂದು ಅದನ್ನೇ ಹೇಳುವುದು ವಾಡಿಕೆ. ಇದನ್ನು ಸೋಸುವ ಉಪಾಯವೊಂದನ್ನು 2002ರಲ್ಲಿ ಪಾಲ್ ಗ್ರಹಾಂ ತಮ್ಮ ಲೇಖನದಿಂದ ಜನಪ್ರಿಯಗೊಳಿಸಿದರು. ಅದರ ಬೇರು ಮಾತ್ರ ಬಹು ಹಳೆಯದು: ಥಾಮಸ್ ಬೇಯ್ಸ್ ಎಂಬ ಆಂಗ್ಲ ಪಾದ್ರಿಯ ಮರಣಾನಂತರ, 1763ರಲ್ಲಿ ರಾಯಲ್ ಸೊಸೈಟಿಯ ಮುಂದೆ ಓದಲಾದ ಸಂಭವನೀಯತೆಯ ಪ್ರಬಂಧ.

ಉಪಾಯ ಸರಳವಾದುದು. ‘ಬಹುಮಾನ’ ಎಂಬ ಶಬ್ದವು ನೂರು ಕಸದ ಪತ್ರಗಳಲ್ಲಿ 40ರಲ್ಲಿ, ನೂರು ಒಳ್ಳೆಯ ಪತ್ರಗಳಲ್ಲಿ 2ರಲ್ಲಿ ಕಂಡಿತೆನ್ನಿ. ಆ ಶಬ್ದವುಳ್ಳ ಹೊಸ ಪತ್ರದ ಮೇಲೆ ಜರಡಿಗೆ ಸಂಶಯ ಬಲಿಯುತ್ತದೆ. ಹೀಗೆ ಹಲವು ಶಬ್ದಗಳ ಸಾಕ್ಷ್ಯವನ್ನು ಕೂಡಿಸಿ ಅದು ತೀರ್ಪು ಕೊಡುತ್ತದೆ.

ತೀರ್ಪು ತಪ್ಪುವುದೂ ಇಲ್ಲಿಯೇ. ಹಳೆಯ ಶಿಷ್ಯೆಯೊಬ್ಬಳು ತನ್ನ ಕಥೆಗೆ ಬಹುಮಾನ ಬಂದಿದೆಯೆಂದೂ ಸಮಾರಂಭಕ್ಕೆ ಬರಲೇಬೇಕೆಂದೂ ನನಗೆ ಬರೆದಿದ್ದಳು. ಆ ಪತ್ರ ಲಾಟರಿಗಳ ನಡುವೆ ಬಿದ್ದಿತ್ತು. ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಸಮಾರಂಭ ಮುಗಿದು ಎರಡು ದಿನವಾಗಿತ್ತು. ಕಸವೊಂದು ಒಳಬಂದರೆ ಅರೆಗಳಿಗೆಯ ಕಿರಿಕಿರಿ. ಕಾಳೊಂದು ಹೊರಬಿದ್ದರೆ ಒಬ್ಬ ಮನುಷ್ಯಳ ಮಾತು ನಮ್ಮ ಮನೆಯ ಬಾಗಿಲಲ್ಲೇ ಕಳೆದುಹೋದಂತೆ.

ಜರಡಿ ಸೋಲುವುದಕ್ಕೆ ಕಾರಣಗಳುಂಟು. ಕಸ ಕಳುಹಿಸುವವರು ಅಕ್ಷರದ ಬದಲು ಅಂಕಿಯನ್ನಿಟ್ಟು ಶಬ್ದವನ್ನು ಮರೆಸುತ್ತಾರೆ, ಬರಹವನ್ನೇ ಚಿತ್ರವಾಗಿಸುತ್ತಾರೆ. ನಮ್ಮ ಭಾಷೆಯಲ್ಲಂತೂ ಬಹುಮಾನವು, ಬಹುಮಾನಕ್ಕೆ, ಬಹುಮಾನದಿಂದ ಎಂದು ಒಂದೇ ಶಬ್ದ ಹಲವು ರೂಪ ತಾಳುತ್ತದೆ. ಬಿಡಿಪದಗಳನ್ನಷ್ಟೇ ಎಣಿಸುವ ಜರಡಿಗೆ ಇವೆಲ್ಲ ಬೇರೆ ಬೇರೆ. ಮೇಲಾಗಿ, ಮೇಜಿನ ಮೇಲಿನ ಗಣಕದ ಜರಡಿ ಕಲಿಯುವುದು ಒಂದೇ ಮನೆಯ ಅಂಚೆಯಿಂದ. ಲಕ್ಷಾಂತರ ಜನರ ಅಂಚೆಯನ್ನು ಕಾಣುವ ದೊಡ್ಡ ಸಂಸ್ಥೆಗಳ ಅನುಭವ ಅದಕ್ಕೆಲ್ಲಿಯದು?

ಆದುದರಿಂದ ವಾಚಕರು ಅದನ್ನು ಹೊಸದಾಗಿ ಶಾಲೆಗೆ ಸೇರಿದ ಹುಡುಗನಂತೆ ಕಾಣುವುದು ಲೇಸು. ಕೆಟ್ಟ ಪತ್ರಕ್ಕೆ ‘ಕಸ’ವೆಂದು ಗುರುತು ಹಾಕುವಂತೆ, ತಪ್ಪಿ ಕಸಕ್ಕೆ ಹೋದ ಒಳ್ಳೆಯದಕ್ಕೆ ‘ಕಸವಲ್ಲ’ವೆಂದು ಹೇಳಿಕೊಡಬೇಕು. ಆಪ್ತರ ವಿಳಾಸಗಳನ್ನು ವಿಳಾಸಪುಸ್ತಕದಲ್ಲಿ ಬರೆದಿಟ್ಟು, ಅವರನ್ನು ಶಂಕಿಸದಂತೆ ಅದಕ್ಕೆ ತಿಳಿಸಬೇಕು. ಕಸವನ್ನು ತಾನಾಗಿ ಅಳಿಸುವ ಅಧಿಕಾರವನ್ನಂತೂ ಅದಕ್ಕೆ ಕೊಡಲಾಗದು. ಎರಡು ದಿನಕ್ಕೊಮ್ಮೆ ಆ ರಾಶಿಯನ್ನು ನಾವೇ ಕೆದಕಿ ನೋಡುವುದು ಬೇಸರದ ಕೆಲಸವೇ ಸರಿ. ಆದರೆ ಪತ್ರ ಬರೆದವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆ ಅದು.