ವೇಗ, ಸದ್ದು ಮತ್ತು ನೆರೆಹೊರೆ: ಮುಂಬಯಿಯ ಒಂದು ನಾಗರಿಕ ವಿವಾದ

ಮಹಾನಗರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅದರ ಬಂದರು, ಗಿರಣಿ, ಮುಷ್ಕರ, ಚುನಾವಣೆಗಳನ್ನು ಕುರಿತು ಬರೆಯುತ್ತಾರೆ. ಬಡಾವಣೆಯ ನಿವಾಸಿಗಳು ತಮ್ಮೊಳಗೆ ನಡೆಸುವ ತಕರಾರುಗಳು ಆ ಗಣನೆಗೆ ಬರುವುದು ವಿರಳ. ಆದರೆ ಒಬ್ಬನ ಹಕ್ಕು ಎಲ್ಲಿ ಮುಗಿದು ಇನ್ನೊಬ್ಬನದು ಎಲ್ಲಿ ತೊಡಗುತ್ತದೆ ಎಂಬ ಪ್ರಶ್ನೆ ಮೊದಲು ತಲೆಯೆತ್ತುವುದು ಇಂತಹ ತಕರಾರುಗಳಲ್ಲಿಯೇ. ರಾತ್ರಿಯ ಹೊತ್ತು ಸಾರ್ವಜನಿಕ ರಸ್ತೆಗಳಲ್ಲಿ ನಡೆಯುವ ಮೋಟಾರ್‌ಸೈಕಲ್ ಪಂದ್ಯ ಮತ್ತು ಅದರಿಂದ ಹುಟ್ಟುವ ಸದ್ದು ಅಂತಹದೊಂದು ಪ್ರಶ್ನೆಯಾಗಿದೆ.

ಬಾಂದ್ರಾ ರೆಕ್ಲಮೇಶನ್, ಬಾಂದ್ರಾ-ಕುರ್ಲಾ ಸಂಕೀರ್ಣ, ಪಶ್ಚಿಮದ ಎಕ್ಸ್‌ಪ್ರೆಸ್ ಹೆದ್ದಾರಿ, ಮರೀನ್ ಡ್ರೈವ್, ಇವೆಲ್ಲ ಹಗಲಿನಲ್ಲಿ ವಾಹನಗಳಿಂದ ಕಿಕ್ಕಿರಿದು ನಡುರಾತ್ರಿಯ ಬಳಿಕ ತೆರವಾಗುವ ರಸ್ತೆಗಳು. ಆ ತೆರವನ್ನೇ ಕಾದಿದ್ದ ತರುಣರು ಪಣಕಟ್ಟಿ ಓಡಿಸುತ್ತಾರೆ. ಮುಂದಿನ ಚಕ್ರವನ್ನು ಎತ್ತಿ ಸಾಹಸ ತೋರುತ್ತಾರೆ. ಪಾಶ್ಚಾತ್ಯ ನಗರಗಳಲ್ಲಿ ಮಣ್ಣುಹಾದಿಗೆಂದೇ ತಯಾರಾದ, ನೋಂದಣಿಯಿಲ್ಲದ ಡರ್ಟ್ ಬೈಕುಗಳು ಬೀದಿಗಿಳಿದು ಇಂತಹ ವಿವಾದಕ್ಕೆ ಕಾರಣವಾಗುವುದುಂಟು. ಮುಂಬಯಿಯಲ್ಲಿ ತೊಂದರೆ ಕೊಡುವುದು ಹೆಚ್ಚಾಗಿ ನೋಂದಾಯಿತವಾದ ಸಾಧಾರಣ ಬೈಕೇ. ಅದರ ಸಾಯಲೆನ್ಸರನ್ನು ಮಾತ್ರ ಸದ್ದು ಹೆಚ್ಚುವಂತೆ ಬದಲಾಯಿಸಿರುತ್ತಾರೆ.

ಈ ಬಗೆಗೆ ಕಾನೂನಿನ ಕೊರತೆಯಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ, ರಾಜ್ಯ ಸರಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯ ನಡೆಸುವುದು ಅಪರಾಧ. ಮೊದಲು ಇದಕ್ಕೆ ಒಂದು ತಿಂಗಳ ಸೆರೆ ಇಲ್ಲವೆ 500 ರೂಪಾಯಿಯ ದಂಡವಿತ್ತು. 2019ರ ತಿದ್ದುಪಡಿಯು ಅದನ್ನು ಮೂರು ತಿಂಗಳಿಗೆ ಮತ್ತು 5,000 ರೂಪಾಯಿಗೆ ಏರಿಸಿತು. ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನಿಗೆ ಇಲ್ಲವೆ ವಾಹನದ ಒಡೆಯನಿಗೆ ಮೂರು ವರ್ಷದವರೆಗಿನ ಸೆರೆ ಹಾಗೂ 25,000 ರೂಪಾಯಿಯ ದಂಡವನ್ನು ಅದೇ ತಿದ್ದುಪಡಿ ವಿಧಿಸಿತು. ಇಷ್ಟಾದರೂ ದೂರು ನಿಂತಿಲ್ಲವೆಂದ ಮೇಲೆ ಕೊರತೆ ಬೇರೆಲ್ಲಿಯೋ ಇರಬೇಕು.

ಆ ಕೊರತೆಯನ್ನು ಅರಿಯಲು ಮುಂಬಯಿಯ ಸದ್ದಿನ ವಿವಾದದ ಪೂರ್ವವೃತ್ತಾಂತ ನೆರವಾಗುತ್ತದೆ. 1985ರಲ್ಲಿ ಡಾ. ಯಶವಂತ ಓಕ್ ಮೊದಲಾದವರು ಧ್ವನಿವರ್ಧಕಗಳ ಹಾವಳಿಯ ವಿರುದ್ಧ ಮುಂಬಯಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕಾಗ, ಸದ್ದನ್ನು ಅನಾರೋಗ್ಯದ ಕಾರಣವೆಂದು ಪರಿಗಣಿಸುವವರೇ ಕಡಮೆಯಿದ್ದರು. 2000ನೆಯ ಇಸವಿಯಲ್ಲಿ ಕೇಂದ್ರ ಸರಕಾರವು ಶಬ್ದಮಾಲಿನ್ಯ ನಿಯಮಗಳನ್ನು ಹೊರಡಿಸಿತು. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಎಂಬ ಮಿತಿ ಗೊತ್ತಾಯಿತು. 2005ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಂತಿಯಿಂದ ಬದುಕುವ ಹಕ್ಕನ್ನು ಜೀವಿಸುವ ಹಕ್ಕಿನೊಂದಿಗೆ ಸೇರಿಸಿ ಎತ್ತಿಹಿಡಿಯಿತು. 2010ರಲ್ಲಿ ದಾದರಿನ ಶಿವಾಜಿ ಪಾರ್ಕು, ಅಲ್ಲಿಯ ನಿವಾಸಿಗಳ ಅರ್ಜಿಯ ಮೇಲೆ, ನಿಶ್ಶಬ್ದ ವಲಯವೆನಿಸಿತು. ಈ ನಡೆಯಲ್ಲಿ ಒಂದು ಸಂಗತಿ ಗಮನಾರ್ಹವಾಗಿದೆ. ದೂರಿದವರು ತಮ್ಮ ಸಂಕಟವನ್ನು ಹೇಳಿಕೊಂಡಷ್ಟಕ್ಕೇ ನಿಲ್ಲದೆ ಅದಕ್ಕೊಂದು ಅಳತೆಯನ್ನು ಬೇಡಿದರು.

ಅಳತೆಯ ಮಹತ್ತ್ವವನ್ನು ತುಸು ವಿವರಿಸಬೇಕು. ಡೆಸಿಬೆಲ್ ಎಂಬುದು ಮೊಳ, ಸೇರುಗಳಂತೆ ಸಮನಾಗಿ ಏರುವ ಮಾನವಲ್ಲ. ಪ್ರತಿ 10 ಡೆಸಿಬೆಲ್ಲಿಗೂ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಆದುದರಿಂದ 45 ಇರಬೇಕಾದ ಕಡೆ 85 ಡೆಸಿಬೆಲ್ ಕೇಳಿಬಂದರೆ ಅದು ಇಮ್ಮಡಿಯಲ್ಲ, ಹತ್ತು ಸಾವಿರ ಪಟ್ಟು. ನಿಗದಿತ ಮಿತಿಯನ್ನು 10 ಡೆಸಿಬೆಲ್ ಇಲ್ಲವೆ ಅದಕ್ಕಿಂತ ಹೆಚ್ಚು ಮೀರಿದಲ್ಲಿ ಯಾವನೇ ವ್ಯಕ್ತಿ ದೂರು ಕೊಡಬಹುದೆಂದು ನಿಯಮವೇ ಹೇಳುತ್ತದೆ. 'ಬಹಳ ಗದ್ದಲವಾಗುತ್ತಿದೆ' ಎಂಬ ಮಾತಿಗೆ 'ನಮಗೇನೂ ಆಗುತ್ತಿಲ್ಲ' ಎಂಬ ಮರುಮಾತು ಸದಾ ಸಿದ್ಧವಾಗಿರುತ್ತದೆ. ಗಂಟೆ, ಸ್ಥಳ, ಅಳತೆಗಳ ಸಹಿತ ಬರೆದಿಟ್ಟ ದಾಖಲೆಗೆ ಅಂತಹ ಮರುಮಾತು ಸಾಲದು. ಮುಂಬಯಿ ಪೋಲೀಸರು ಕೆಲವು ಸಿಗ್ನಲುಗಳಲ್ಲಿ ಮಾಡಿದ ಪ್ರಯೋಗವು ಇದನ್ನೇ ವಿನೋದದಿಂದ ತಿಳಿಸಿತು. ಹಾರನ್ನುಗಳ ಸದ್ದು 85 ಡೆಸಿಬೆಲ್ ದಾಟಿದೊಡನೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ ತೊಡಗುತ್ತಿತ್ತು. ಅವಸರಪಟ್ಟವನೇ ಹೆಚ್ಚು ಕಾಯಬೇಕಾಗುತ್ತಿತ್ತು.

ಎರಡನೆಯ ತೊಡಕು ಅಧಿಕಾರದ ಹಂಚಿಕೆಯದು. ಅಪರಾಧಿಯನ್ನು ಹಿಡಿಯುವವರು ಪೋಲೀಸರು. ವಾಹನದ ನೋಂದಣಿ ಪ್ರಾದೇಶಿಕ ಸಾರಿಗೆ ಕಚೇರಿಯದು. ರಸ್ತೆಯ ಉಬ್ಬು, ದೀಪ, ತಡೆಗಳ ವ್ಯವಸ್ಥೆ ಆ ರಸ್ತೆಯನ್ನು ನೋಡಿಕೊಳ್ಳುವ ಸಂಸ್ಥೆಯದು. ಇವುಗಳ ನಡುವೆ ದೂರು ಅಲೆಯುತ್ತದೆ. ಅದನ್ನು ಕೈಹಿಡಿದು ನಡೆಸಬೇಕಾದವನು ನಗರಸೇವಕ. ಆದರೆ 2022ರ ಮಾರ್ಚಿಯಲ್ಲಿ ಮಹಾನಗರಪಾಲಿಕೆಯ ಅವಧಿ ಮುಗಿದ ಬಳಿಕ ಮೂರು ವರ್ಷಗಳಿಗೂ ಮಿಕ್ಕಿ 227 ಸ್ಥಾನಗಳು ಬರಿದಾಗಿದ್ದವು. ಆ ಕಾಲದಲ್ಲಿ ನಿವಾಸಿಗಳ ಸಂಘಗಳಿಗೇ ಆ ಭಾರ ಹೆಚ್ಚಾಗಿ ಬಿತ್ತು. ಘಾಟಕೋಪರದ ಜೋಶಿ ಲೇನಿನಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಕಸದ ವಿಲೇವಾರಿಗೆಂದು ತೊಡಗಿ, ಎ.ಎಲ್.ಎಂ. ಎಂಬ ಹೆಸರಿನಿಂದ ನಗರದಾದ್ಯಂತ ಹಬ್ಬಿದ ಬೀದಿಮಟ್ಟದ ನಾಗರಿಕ ಕೂಟಗಳು ಇದಕ್ಕೆ ಮೊದಲೇ ದಾರಿ ತೋರಿದ್ದವು.

ದೂರುಗಳು ಬಲವಾದಾಗ ಅಧಿಕಾರಿಗಳಿಗೆ ಸುಲಭವಾಗಿ ಹೊಳೆಯುವ ಪರಿಹಾರ ಸಾರಾಸಗಟು ನಿಷೇಧ. 2002ರಲ್ಲಿ ತೆರೆದ ಜೆ.ಜೆ. ಫ್ಲೈಓವರಿನಲ್ಲಿ ಅಪಘಾತಗಳು ಹೆಚ್ಚಿದವೆಂದು 2010ರಲ್ಲಿ ದ್ವಿಚಕ್ರ ವಾಹನಗಳನ್ನೇ ನಿಲ್ಲಿಸಲಾಯಿತು. 2009ರ ಬಾಂದ್ರಾ-ವರಳಿ ಸಾಗರಸೇತುವೆ, 2013ರ ಈಸ್ಟರ್ನ್ ಫ್ರೀವೇ, 2024ರಲ್ಲಿ ತೆರೆಯತೊಡಗಿದ ಕೋಸ್ಟಲ್ ರೋಡುಗಳಿಗೂ ಅವುಗಳಿಗೆ ಪ್ರವೇಶವಿಲ್ಲ. ಕಾರಣಗಳು ಒಂದೊಂದೆಡೆ ಒಂದೊಂದು ಇರಬಹುದು. ಆದರೆ ನಿಷೇಧದ ಹೊರೆಯನ್ನು ಹೊರುವವನು ಪಂದ್ಯಗಾರನಷ್ಟೇ ಅಲ್ಲ; ಸಾಮಾನು ತಲುಪಿಸುವ ಕೂಲಿಕಾರ, ರಾತ್ರಿಪಾಳಿ ಮುಗಿಸಿ ಮನೆಗೆ ಮರಳುವ ನೌಕರ ಇವರೂ ಸುತ್ತಿ ಬಳಸಿ ಹೋಗಬೇಕಾಗುತ್ತದೆ. ಕಾರುಳ್ಳವನಿಗೆ ರಾಜಮಾರ್ಗ, ಬೈಕುಳ್ಳವನಿಗೆ ಸಂದಣಿಯ ಬೀದಿ ಎಂಬ ಭೇದವನ್ನು ನೆರೆಹೊರೆಯ ಚರ್ಚೆಯು ಅಲಕ್ಷಿಸಲಾಗದು. ಶ್ರೀಮಂತರ ಕಾರು ರಾತ್ರಿ ಎಬ್ಬಿಸುವ ಸದ್ದೂ ಸದ್ದೇ ಅಲ್ಲವೆ?

ಪಂದ್ಯಗಾರ ತರುಣನ ಪಕ್ಷದಲ್ಲಿಯೂ ಒಂದು ಮಾತಿದೆ. ಕುದುರೆಗಳ ಓಟಕ್ಕೆ ಮುಂಬಯಿ 1883ರಷ್ಟು ಹಿಂದೆಯೇ ಮಹಾಲಕ್ಷ್ಮಿಯಲ್ಲಿ ಸ್ಥಳವನ್ನಿತ್ತಿತು. ಮದರಾಸಿನವರು ಹಳೆಯ ಸೇನಾ ವಿಮಾನನೆಲೆಯಾದ ಶೋಲಾವರಂನಲ್ಲಿ ಮೋಟಾರು ಪಂದ್ಯಗಳನ್ನು ನಡೆಸಿ, 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಅದಕ್ಕೆಂದೇ ಹಾದಿ ನಿರ್ಮಿಸಿದರು. ಮುಂಬಯಿಯಲ್ಲಿ ಅಂತಹ ಹಾದಿಯಿಲ್ಲ. ಹಾದಿಯಿಲ್ಲವೆಂಬುದು ರಸ್ತೆಯಲ್ಲಿ ಪ್ರಾಣ ತೆಗೆಯಲು ಪರವಾನಗಿಯಾಗದು, ನಿಜ. ಆದರೆ ತಡೆಯನ್ನು ಬೇಡುವ ಸಭೆ ಎಡೆಯನ್ನೂ ಬೇಡಿದರೆ ಅದರ ಮಾತಿಗೆ ನ್ಯಾಯದ ತೂಕ ಬರುತ್ತದೆ.

ಎಲ್ಲಕ್ಕಿಂತ ಕಠಿಣವಾದುದು ದೂರುವವನ ಭಯ. ಸದ್ದು ಮಾಡುವವನು ಅದೇ ಬೀದಿಯವನು. ದೂರಿದವನ ಹೆಸರು ಹೊರಬಿದ್ದರೆ ನಾಳೆ ಮುಖಾಮುಖಿಯಾಗುವುದು ಅವನಿಗೇ. ಕುರ್ಲಾ ಪೂರ್ವದ ನೆಹರೂ ನಗರದ ನಿವಾಸಿಗಳ ಸಂಘವು ಧ್ವನಿವರ್ಧಕಗಳ ವಿಷಯದಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಮುಂಬಯಿ ಉಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಇತ್ತ ತೀರ್ಪು ಈ ಗಂಟನ್ನು ಬಿಡಿಸಲೆತ್ನಿಸಿತು. ಧ್ವನಿವರ್ಧಕದ ಬಳಕೆ ಯಾವ ಧರ್ಮದ ಅವಶ್ಯ ಅಂಗವೂ ಅಲ್ಲವೆಂದು ಹೇಳಿದುದಲ್ಲದೆ, ದೂರುದಾರನ ಗುರುತನ್ನು ಆಕ್ಷೇಪಿತನಿಗೆ ತಿಳಿಸದೆ ಪೋಲೀಸರು ಕ್ರಮ ಕೈಗೊಳ್ಳಬೇಕೆಂದೂ ಅದು ಆದೇಶಿಸಿತು. ಬೈಕಿನ ಸದ್ದನ್ನು ದೂರುವವನಿಗೂ ಇಂತಹದೇ ರಕ್ಷಣೆ ಬೇಕು.

ಮುಂಬಯಿಯ ಕನ್ನಡಿಗರಿಗೆ ಈ ವಿಷಯ ಹೊರಗಿನದಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದ ಹುಡುಗರ ಪರಂಪರೆ ಇಲ್ಲಿಯದು. ಇರುಳಿನ ಒಂದೆರಡು ತಾಸಿನ ಶಾಂತಿಗೆ ಎಷ್ಟು ಬೆಲೆಯೆಂಬುದು ಅವರಿಗೆ ಗೊತ್ತಿತ್ತು. ಆದರೆ 'ನಾವು ಪರಸ್ಥಳದವರು, ಊರಿನ ಗೊಡವೆ ನಮಗೇಕೆ' ಎಂಬ ಸಂಕೋಚವೂ ವಲಸೆ ಬಂದವರಲ್ಲಿ ಬಹುಕಾಲದಿಂದ ನಿಂತಿದೆ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಮೌನವಾಗಿದ್ದು ಸಂಘದ ವೇದಿಕೆಯಲ್ಲಿ ಮಾತ್ರ ವಾಗ್ಮಿಗಳಾಗುವುದು ಆ ಸಂಕೋಚದ ಫಲ. ಶಬ್ದಮಾಲಿನ್ಯದ ನಿಯಮವು ದೂರುವವನ ಮಾತೃಭಾಷೆಯನ್ನಾಗಲಿ, ಹುಟ್ಟೂರನ್ನಾಗಲಿ ಕೇಳುವುದಿಲ್ಲ. ಆ ಬೀದಿಯಲ್ಲಿ ಮಲಗಿ ನಿದ್ದೆಗೆಟ್ಟವನಾಗಿದ್ದರೆ ಸಾಕು. ಅಳೆದು ಬರೆಯುವುದು, ಸಂಬಂಧಪಟ್ಟ ಕಚೇರಿಗೆ ತಲುಪಿಸುವುದು, ಎದುರು ಪಕ್ಷದ ಮಾತನ್ನು ಆಲಿಸುವುದು, ಇವು ಮೂರೂ ಕೂಡಿದಾಗ ಮಾತ್ರ ದೂರು ಚರ್ಚೆಯಾಗುತ್ತದೆ; ಚರ್ಚೆಯಲ್ಲಿ ಪಾಲ್ಗೊಂಡವನಿಗೆ ಊರು ಸ್ವಂತವಾಗುತ್ತದೆ.