ಸಿಪಾಯಿ ಸಂಬಳಕ್ಕೆ ಹೋದ ಸೀಮೆ

ನಾನು ಮೂವತ್ತೊಂದು ವರ್ಷ ಖಜಾನೆಯಲ್ಲಿ ಕೂತವನು. ಸುರಪುರ, ಶಹಾಪುರ, ಕೊನೆಗೆ ಯಾದಗಿರಿ. ಬಿಲ್ಲು ಕೈಗೆ ಬಂದರೆ ನಮ್ಮ ಕಣ್ಣು ಮೊದಲು ಬೀಳುವುದು ಮೊತ್ತದ ಮೇಲಲ್ಲ, ಹೆಡ್ಡಿನ ಮೇಲೆ. ಯಾವ ಹೆಡ್ಡಿಗೆ ಖರ್ಚು ಹಾಕಿದ್ದಾರೆ ಅನ್ನುವುದು ಗೊತ್ತಾದರೆ ಆ ರೊಕ್ಕದ ಅರ್ಧ ಜಾತಕ ಗೊತ್ತಾದಂತೆ. ನಿವೃತ್ತಿಯಾದರೂ ಚಟ ಬಿಟ್ಟಿಲ್ಲ. ಫೆಬ್ರವರಿ 1ರಂದು ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಬಂಗಾರ ಏನಾಯಿತು, ತೆರಿಗೆ ಏನಾಯಿತು ಅಂತ ನೋಡುವಾಗ ನಾನು 2076 ಹುಡುಕುತ್ತಿರುತ್ತೇನೆ. ಅದು ಭೂಸೇನೆಯ ಹೆಡ್ಡು. 2077 ನೌಕಾಪಡೆಯದು, 2078 ವಾಯುಪಡೆಯದು. ತೋಪು, ವಿಮಾನ, ಹಡಗು ಕೊಳ್ಳುವ ರೊಕ್ಕ 4076ರಲ್ಲಿ ಇರುತ್ತದೆ.

2025ರ ಬಜೆಟ್ಟಿನ ಮರುದಿನ ಸುರಪುರ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಸುಸಲಾ-ಮಿರ್ಚಿ ತಿನ್ನುತ್ತಿದ್ದೆ. ಎದುರಿಗೆ ನನ್ನ ಅಣ್ಣನ ಮಗ. ಅಗ್ನಿವೀರ, ರಜೆಯ ಮೇಲೆ ಬಂದಿದ್ದ. ಪಕ್ಕದ ಟೇಬಲ್ಲಿನ ತೊಗರಿ ವ್ಯಾಪಾರಿ ಪೇಪರ್ ಮಡಚಿಟ್ಟು, ‘ಮಿಲಿಟ್ರಿಗೆ 6.81 ಲಕ್ಷ ಕೋಟಿ ಅಂತ್ರೀ. ಇದ್ರಾಗ ಎಷ್ಟು ತೋಪು ಬರ್ತಾವ?’ ಅಂದರು. ಕೇಳಿದ್ದು ನನ್ನನ್ನೇ. ಖಜಾನೆಯಲ್ಲಿದ್ದವನು ಅಂದರೆ ಸರ್ಕಾರದ ಎಲ್ಲ ರೊಕ್ಕಕ್ಕೂ ಅವನೇ ಜವಾಬು ಕೊಡಬೇಕು, ನಮ್ಮೂರ ಕಾನೂನು ಅದು.

‘ರೂಪಾಯಿಗೆ ನಾಲ್ಕಾಣೆ ತೋಪು ಬರ್ತಾವ ನೋಡ್ರಿ,’ ಅಂದೆ.

‘ಉಳಿದ ಹನ್ನೆರಡಾಣೆ?’

‘ಮಂದಿ.’

ಅವರು ನಂಬಲಿಲ್ಲ. ಬಿಲ್ಲಿನ ಹಿಂದೆಯೇ ಲೆಕ್ಕ ಬರೆದು ತೋರಿಸಬೇಕಾಯಿತು. ರಕ್ಷಣಾ ಇಲಾಖೆ ಸಂಸತ್ತಿನ ಮುಂದೆ ಒಂದು ಮೊತ್ತ ಇಟ್ಟು ಕೈಚಾಚುವುದಿಲ್ಲ, ನಾಲ್ಕು ಬೇರೆ ಬೇರೆ ಅನುದಾನದ ಬೇಡಿಕೆ ಇಡುತ್ತದೆ. ಬಜೆಟ್ ಪುಸ್ತಕದಲ್ಲಿ ಅವು 19ರಿಂದ 22ನೇ ನಂಬರಿನವು. 2025-26ರಲ್ಲಿ ಸಂಬಳ, ರೇಷನ್ನು, ಡೀಸೆಲ್, ರಿಪೇರಿ ಎಲ್ಲ ಸೇರಿದ ದಿನನಿತ್ಯದ ಖರ್ಚಿಗೆ 3,11,732 ಕೋಟಿ. ಹೊಸ ಶಸ್ತ್ರಾಸ್ತ್ರ, ಯಂತ್ರ, ಕಟ್ಟಡಗಳ ಬಂಡವಾಳಕ್ಕೆ 1,80,000 ಕೋಟಿ. ಪಿಂಚಣಿಗೆ 1,60,795 ಕೋಟಿ. ಗಡಿ ರಸ್ತೆ, ಕರಾವಳಿ ಕಾವಲು, ಸಚಿವಾಲಯ ಇತ್ಯಾದಿಗೆ 28 ಸಾವಿರ ಕೋಟಿ ಚಿಲ್ಲರೆ. ನೂರು ರೂಪಾಯಿಯಲ್ಲಿ 46 ದಿನದ ಖರ್ಚಿಗೆ, 26 ಶಸ್ತ್ರಕ್ಕೆ, 24 ಪಿಂಚಣಿಗೆ, 4 ಉಳಿದದ್ದಕ್ಕೆ. ಕೇಂದ್ರದ ಇಡೀ ಬಜೆಟ್ಟಿನಲ್ಲಿ ಈ ನಾಲ್ಕರ ಪಾಲು ಶೇ 13.45.

ಆ ನಾಲ್ಕಾಣೆಯೂ ಹೊಸ ತೋಪಿಗೇ ಹೋಗುತ್ತದೆ ಅಂತಲ್ಲ. ಹಿಂದಿನ ವರ್ಷಗಳಲ್ಲಿ ಮಾಡಿಕೊಂಡ ಕರಾರುಗಳ ಕಂತು ಮೊದಲು ಕಟ್ಟಬೇಕು. ಕಾಲುವೆ ಕಾಮಗಾರಿಯಲ್ಲಿ ನಾವು ಸ್ಪಿಲ್‌ಓವರ್ ಅನ್ನುತ್ತಿದ್ದೆವಲ್ಲ, ಅದೇ ಬಗೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಎಚ್‌ಎಎಲ್ ಜೊತೆ 97 ತೇಜಸ್ ವಿಮಾನಕ್ಕೆ 62,370 ಕೋಟಿಯ ಕರಾರು ಆಯಿತು. ಟಿವಿಯವರು ಅಂದೇ ರೊಕ್ಕ ಎಣಿಸಿ ಕೊಟ್ಟಂತೆ ಹೇಳಿದರು. ವಿಮಾನಗಳು ಬರತೊಡಗುವುದು 2027-28ರಿಂದ. ರೊಕ್ಕವೂ ವರ್ಷ ವರ್ಷ ಕಂತಿನಲ್ಲಿ ಹೋಗುತ್ತದೆ. ಅದೇ ವರ್ಷದ ಮಾರ್ಚಿನಲ್ಲಿ 156 ಪ್ರಚಂಡ ಹೆಲಿಕಾಪ್ಟರಿಗೆ ಆದ 62,700 ಕೋಟಿಯ ಕರಾರೂ ಹೀಗೆಯೇ. ಅವು ತಯಾರಾಗುವುದು ಬೆಂಗಳೂರು ಮತ್ತು ತುಮಕೂರಿನಲ್ಲಿ. ಶಸ್ತ್ರದ ರೊಕ್ಕದಲ್ಲಿ ದೊಡ್ಡದೊಂದು ಪಾಲು ಕರ್ನಾಟಕಕ್ಕೇ ಬರುತ್ತದೆ, ಆದರೆ ತುಮಕೂರು ದಾಟಿ ನಮ್ಮ ಕಡೆ ಬರುವುದಿಲ್ಲ. ನಮ್ಮ ಕಡೆ ಬರುವುದು ಸಂಬಳ, ಪಿಂಚಣಿ. ಮನಿಆರ್ಡರ್ ಕಾಲದಿಂದಲೂ ಹಾಗೇ.

ಸೈನ್ಯದ ಖರ್ಚು ಅಂದರೆ ಮುಖ್ಯವಾಗಿ ಮಂದಿಯ ಖರ್ಚು. ಇದನ್ನು ಅರಿಯಲು ಸುರಪುರದವನು ದಿಲ್ಲಿಯ ಪುಸ್ತಕ ತೆರೆಯಬೇಕಾಗಿಲ್ಲ, ವಾಗಣಗೇರಾ ಗುಡ್ಡ ಹತ್ತಿದರೆ ಸಾಕು.

1705ರ ಫೆಬ್ರವರಿಯಲ್ಲಿ ಔರಂಗಜೇಬ ಆ ಗುಡ್ಡದ ಕೋಟೆಗೆ ಮುತ್ತಿಗೆ ಹಾಕಿದ. ಆಗ ಅವನಿಗೆ 86 ವರ್ಷ. ತೋಪು, ಆನೆ, ಕುದುರೆ, ದಖ್ಖನ್ನಿನಲ್ಲಿದ್ದ ದೊಡ್ಡ ದೊಡ್ಡ ಸರದಾರರು ಎಲ್ಲ ಅವನ ಕಡೆ. ಒಳಗೆ ಪಿಡ್ಡನಾಯಕ ಮತ್ತು ಬೇಡರ ಪಡೆ. ಏಪ್ರಿಲ್ ಕೊನೆಯ ಒಂದು ರಾತ್ರಿ ನಾಯಕ ತನ್ನವರೊಂದಿಗೆ ಜಾರಿಕೊಂಡ. ಬಾದಶಹನಿಗೆ ಸಿಕ್ಕಿದ್ದು ಸುಟ್ಟ ಕೋಟೆ. ಅಲ್ಲಿಂದ ಕೃಷ್ಣೆಯ ಕಡೆಗಿನ ದೇವಾಪುರದಲ್ಲಿ ಬಿಡಾರ ಹೂಡಿ, ಕಾಯಿಲೆ ಬಿದ್ದು, ಆರು ತಿಂಗಳು ಅಲ್ಲೇ ಉಳಿದ. ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಅದು. ಆ ಹೊತ್ತಿಗೆ ಮೊಗಲ್ ಸಿಪಾಯಿಗಳ ಸಂಬಳ ಮೂರು ವರ್ಷ ಬಾಕಿ ಬಿದ್ದಿತ್ತು ಅನ್ನುತ್ತಾರೆ ಇತಿಹಾಸಕಾರ ಜದುನಾಥ ಸರ್ಕಾರ್. ತೋಪಿಗೆ ಮದ್ದು ಇತ್ತು, ಮಂದಿಗೆ ರೊಕ್ಕ ಇರಲಿಲ್ಲ. ಬೇಡರ ಕಡೆ ಲೆಕ್ಕವೇ ಬೇರೆ: ಸಿಪಾಯಿಗೆ ಸಂಬಳದ ಬದಲು ಉಂಬಳಿ ಹೊಲ. ಕರೆ ಬಂದಾಗ ಬಂದೂಕು ಹಿಡಿಯುತ್ತಿದ್ದ, ಇಲ್ಲದಾಗ ಕೂರಿಗೆ ಹಿಡಿಯುತ್ತಿದ್ದ. ಬಜೆಟ್ಟೂ ಇಲ್ಲ, ಬಾಕಿಯೂ ಇಲ್ಲ. ನಾನು ಖಜಾನೆಯವನಾಗಿ ಹೇಳುತ್ತೇನೆ, ಅಷ್ಟು ಅಗ್ಗದ ಸೈನ್ಯ ಇನ್ನೊಂದಿರಲಿಕ್ಕಿಲ್ಲ.

ಆಮೇಲೆ ಬಂದದ್ದು ನಗದಿನ ಕಾಲ. 1828ರಲ್ಲಿ ಕೃಷ್ಣಪ್ಪ ನಾಯಕ ಸುರಪುರದ ಗಾದಿಗೆ ಬಂದಾಗ ನಿಜಾಮನ ಸರ್ಕಾರ 15 ಲಕ್ಷ ರೂಪಾಯಿ ನಜರಾಣೆ ಕೇಳಿತು. ಸಂಸ್ಥಾನ ಒಪ್ಪಿಕೊಂಡಿತು, ಕೊಡಲಾಗದೆ ಸಾಲದಲ್ಲಿ ಮುಳುಗಿತು. ನಿಜಾಮ ಅಷ್ಟು ಹಸಿದಿದ್ದಕ್ಕೂ ಕಾರಣ ಇತ್ತು. ಹೈದರಾಬಾದ್ ಕಂಟಿಂಜೆಂಟ್ ಅನ್ನುವ ಪಡೆಯೊಂದಿತ್ತು. ಅಧಿಕಾರಿಗಳು ಇಂಗ್ಲಿಷರು, ಹುಕುಮು ಇಂಗ್ಲಿಷರದು, ಖರ್ಚು ಮಾತ್ರ ನಿಜಾಮನದು. ವರ್ಷಕ್ಕೆ ಸುಮಾರು 40 ಲಕ್ಷ. ಕೊಡಲಾಗದಾಗ ಈಸ್ಟ್ ಇಂಡಿಯಾ ಕಂಪನಿಯೇ ಸಾಲ ಕೊಟ್ಟು ಬಡ್ಡಿ ಬರೆದುಕೊಂಡಿತು. ತನ್ನ ಪಡೆಗೆ ತಾನೇ ಸಂಬಳ ಕೊಟ್ಟು ಅದನ್ನು ಬೇರೆಯವನ ಹೆಸರಿಗೆ ಸಾಲವಾಗಿ ಬರೆಯುವ ಈ ಜಾಣತನವನ್ನು ನಮ್ಮ ಆಡಿಟ್‌ನವರು ಒಂದು ದಿನವೂ ಒಪ್ಪುತ್ತಿರಲಿಲ್ಲ.

1853ರ ಮೇ ತಿಂಗಳಲ್ಲಿ ಲೆಕ್ಕ ಮುಗಿಸಲು ಡಾಲ್‌ಹೌಸಿಯ ಸರ್ಕಾರ ರೊಕ್ಕದ ಬದಲು ನೆಲ ತೆಗೆದುಕೊಂಡಿತು: ಬೇರಾರ್, ಧಾರಾಶಿವ-ನಳದುರ್ಗ, ಜೊತೆಗೆ ನಮ್ಮ ಹೊಳೆಯಾಚೆಯ ರಾಯಚೂರು ದೋಆಬ್. ಆ ಜಿಲ್ಲೆಗಳ ಕಂದಾಯ ಆ ಪಡೆಯ ಸಂಬಳಕ್ಕೆ. ಸುರಪುರದಲ್ಲಿ ಬಾಲರಾಜನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್‌ನಿಗೆ ಅದೇ ವರ್ಷ ವರ್ಗವಾಯಿತು. ಎಲ್ಲಿಗೆ? ಸಂಬಳಕ್ಕೆಂದು ಕಿತ್ತುಕೊಂಡ ಜಿಲ್ಲೆಗಳಲ್ಲೊಂದಾದ ನಳದುರ್ಗಕ್ಕೆ. ಸುರಪುರದಲ್ಲಿರುವ ಅವನ ಬಂಗಲೆ ಟೇಲರ್ ಮಂಜಿಲ್ ನೋಡಲು ಬರುವವರಿಗೆ ಈ ವರ್ಗಾವಣೆಯ ಕತೆಯನ್ನೂ ಯಾರಾದರೂ ಹೇಳಬೇಕು.

ಮುಂದಿನದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. 1858ರ ಫೆಬ್ರವರಿಯಲ್ಲಿ ನಾಲ್ವಡಿ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದ. ಅವನ ಮೇಲೆ ಬಂದ ಪಡೆ ಲಿಂಗಸುಗೂರಿನ ದಂಡಿನದು, ಅದೇ ಕಂಟಿಂಜೆಂಟ್. ಕ್ಯಾಪ್ಟನ್ ನ್ಯೂಬೆರಿ ಇಲ್ಲಿ ಸತ್ತ. ರಾಜ ಹೈದರಾಬಾದಿನಲ್ಲಿ ಸೆರೆಸಿಕ್ಕ. ಚೆಂಗಲ್ಪಟ್ಟಿನ ಜೈಲಿಗೆ ಸಾಗಿಸುವ ದಾರಿಯಲ್ಲಿ ಗುಂಡಿಗೆ ಬಲಿಯಾದ. 1860ರ ಡಿಸೆಂಬರಿನ ಒಪ್ಪಂದದಲ್ಲಿ ಸುರಪುರ ಸಂಸ್ಥಾನವನ್ನು ನಿಜಾಮನಿಗೆ ಕೊಟ್ಟರು. ದೋಆಬ್, ಧಾರಾಶಿವವನ್ನು ವಾಪಸು ಕೊಟ್ಟು, ಕಂಟಿಂಜೆಂಟಿನ ಬಾಬ್ತು 50 ಲಕ್ಷ ಸಾಲವನ್ನು ಅದೇ ಕಾಗದದಲ್ಲಿ ಹೊಡೆದುಹಾಕಿದರು. ಬೇರಾರ್ ಮಾತ್ರ ಸಂಬಳದ ಬಾಬ್ತಿಗೆ ಒತ್ತೆಯಾಗಿ ಉಳಿಯಿತು. ಶೌರ್ಯದ ಕತೆ ಹೇಳುವಾಗ ಈ ಕಾಗದವನ್ನು ಯಾರೂ ಓದುವುದಿಲ್ಲ. ನಮ್ಮ ಸೀಮೆ ಕೈ ಬದಲಾಯಿಸಿದ್ದು ಒಂದು ಸೈನ್ಯದ ಸಂಬಳದ ಖಾತೆ ಮುಚ್ಚುವ ಹೊತ್ತಿಗೆ.

ಹೀಗಾಗಿಯೇ ಪಿಂಚಣಿಯನ್ನು ‘ಹೊರೆ’ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ನಮ್ಮ ಓಣಿಯ ಅಜ್ಜಿಯ ಗಂಡ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಭರ್ತಿಯಾದವರು. ಪ್ರತಿ ನವೆಂಬರಿಗೆ ಆಕೆ ಕಾಗದ ಹಿಡಿದು ಬರುತ್ತಾಳೆ, ‘ತಮ್ಮಾ, ನಾ ಇನ್ನೂ ಜೀವಂತ ಇದ್ದೀನಿ ಅಂತ ದಿಲ್ಲಿಗೆ ಹೇಳೋ.’ ಈಗ ಅದು ಸ್ಪರ್ಶ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಆಗುತ್ತದೆ. ಆಕೆಯ ಹೆಬ್ಬೆರಳಿನ ಗೆರೆ ಸವೆದು ಯಂತ್ರ ಹಿಡಿಯುವುದಿಲ್ಲ; ನಾಲ್ಕು ಸಲ ಒತ್ತಿಸಬೇಕು. ಹಳೆಯ ಮಾತು ಉಳಿಸಿಕೊಳ್ಳುವ ಖರ್ಚು ಪಿಂಚಣಿ. ಆದರೆ ಅದೇ ಬೆಳೆದು ಶಸ್ತ್ರದ ಪಾಲಿನ ಹತ್ತಿರ ಬಂದು ನಿಂತಿದೆ ಅನ್ನುವುದೂ ನಿಜ. 2022ರ ಅಗ್ನಿಪಥ ಯೋಜನೆಯ ಹಿಂದೆ ಈ ಲೆಕ್ಕವೂ ಇದೆ ಅಂತ ನಾನು ಓದಿಕೊಂಡಿದ್ದೇನೆ, ಸರ್ಕಾರ ಸೈನ್ಯದ ಸರಾಸರಿ ವಯಸ್ಸು ಇಳಿಸಲು ಅಂದರೂ.

ಅಗ್ನಿವೀರನಾದ ನನ್ನ ಅಣ್ಣನ ಮಗನ ಲೆಕ್ಕ ಹೀಗಿದೆ: ಮೊದಲ ವರ್ಷ ತಿಂಗಳಿಗೆ 30,000, ಕೈಗೆ 21,000. ಹಿಡಿದ 9,000ಕ್ಕೆ ಸರ್ಕಾರವೂ ಅಷ್ಟೇ ಸೇರಿಸುತ್ತದೆ. ನಾಲ್ಕನೆಯ ವರ್ಷ ಸಂಬಳ 40,000. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ. ನೂರರಲ್ಲಿ ಹೆಚ್ಚೆಂದರೆ 25 ಮಂದಿ ಉಳಿಯುತ್ತಾರೆ. ಉಳಿದವರು ಮನೆಗೆ, ಪಿಂಚಣಿ ಇಲ್ಲ.

‘ಕಾಕಾ, ನನ್ನ ಹೆಸರು ನಿಮ್ಮ 2071ರಾಗ ಬರೂದಿಲ್ಲ,’ ಅಂದ. 2071 ಪಿಂಚಣಿಯ ಹೆಡ್ಡು. ರಾಜ್ಯಕ್ಕೂ ಕೇಂದ್ರಕ್ಕೂ ಅದೇ ನಂಬರು. ನನ್ನ ಪಿಂಚಣಿ ಅದರಲ್ಲೇ ಬರುತ್ತದೆ ಅನ್ನುವುದು ಅವನಿಗೆ ಗೊತ್ತು. ನಾನು ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದೆ.

ಮಂದಿಗೆ ಬಿಗಿ ಹಿಡಿದು ಉಳಿಸಿದ್ದು ಶಸ್ತ್ರಕ್ಕೆ ಹೋಗುತ್ತದೆಯೇ ನೋಡೋಣ ಅಂದರೆ ಅಲ್ಲೂ ನಮ್ಮ ಮಾರ್ಚ್ 31ರ ರೋಗ. 2024-25ರಲ್ಲಿ ಬಂಡವಾಳಕ್ಕೆ ಕೊಟ್ಟದ್ದು 1,72,000 ಕೋಟಿ. ಪರಿಷ್ಕೃತ ಅಂದಾಜಿಗೆ ಬರುವಾಗ 1,59,500 ಕೋಟಿಗೆ ಇಳಿಯಿತು. ತೇಜಸ್ ಮಾರ್ಕ್-1ಎ ವಿಮಾನಕ್ಕೆ ಅಮೆರಿಕದ ಎಂಜಿನ್ ತಡವಾಯಿತು. ಎಂಜಿನ್ ಬಾರದಿದ್ದರೆ ವಿಮಾನ ಇಲ್ಲ, ವಿಮಾನ ಇಲ್ಲದಿದ್ದರೆ ಬಿಲ್ಲಿಲ್ಲ, ಬಿಲ್ಲಿಲ್ಲದ ಗ್ರ್ಯಾಂಟು ಲ್ಯಾಪ್ಸು. ವರ್ಷ ಮುಗಿದರೂ ಮುಳುಗದ ಪ್ರತ್ಯೇಕ ನಿಧಿ ಮಾಡಿ ಅಂತ 15ನೇ ಹಣಕಾಸು ಆಯೋಗ ಶಿಫಾರಸು ಮಾಡಿತ್ತು. ಒಳ್ಳೆಯ ಸಲಹೆ ಅಂತ ನನ್ನ ಮತ.

ಇದನ್ನೆಲ್ಲ ಕೇಳಬೇಕಾದ ಜಾಗ ಲೋಕಸಭೆ. ಸಂವಿಧಾನದ 113ನೇ ವಿಧಿಯಂತೆ ಸಭೆಯ ಒಪ್ಪಿಗೆಯಿಲ್ಲದೆ ಈ ಬೇಡಿಕೆಗಳು ಪಾಸಾಗುವುದಿಲ್ಲ. ಸಭೆ ಅವನ್ನು ಕಡಿತ ಮಾಡಬಹುದು, ನಿರಾಕರಿಸಬಹುದು. ಸ್ಥಾಯಿ ಸಮಿತಿ ಕೂತು ಸಾಲುಸಾಲು ಓದಿ ವರದಿ ಕೊಡುತ್ತದೆ, ಅದು ಕೆಲಸದ ವರದಿ. ಆದರೆ ಸಮಯ ಮುಗಿಯಿತೆಂದು ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವ ಗಿಲೊಟಿನ್ ಪದ್ಧತಿ ಇದೆ. 2018ರ ಮಾರ್ಚಿನಲ್ಲಿ ಎಲ್ಲ ಇಲಾಖೆಗಳ ಬೇಡಿಕೆಯೂ ಚರ್ಚೆಯಿಲ್ಲದೆ ಹಾಗೇ ಪಾಸಾದವು. ನನ್ನ ಕೌಂಟರಿನಲ್ಲಿ ಐನೂರು ರೂಪಾಯಿಯ ಪ್ರಯಾಣಭತ್ಯೆ ಬಿಲ್ಲಿಗೂ ಎರಡು ಆಕ್ಷೇಪಣೆ ಬರೆದು ವಾಪಸು ಕಳಿಸುತ್ತಿದ್ದೆವು.

ಯಾದಗಿರಿ, ಶಹಾಪುರ, ಸುರಪುರ ಮೂರೂ ರಾಯಚೂರು ಲೋಕಸಭಾ ಕ್ಷೇತ್ರದಲ್ಲಿವೆ. ಒಂದು ಕಾಲಕ್ಕೆ ನಮ್ಮ ಮೇಲೆ ದಂಡು ಕಳಿಸಿದ ಲಿಂಗಸುಗೂರೂ ಅದರಲ್ಲೇ ಇದೆ. ಸಂಸದರು ಊರಿಗೆ ಬಂದಾಗ ರಸ್ತೆ, ರೈಲು ಕೇಳಿಯೇ ಕೇಳುತ್ತೀರಿ. ಅದರ ಜೊತೆಗೆ ಇದನ್ನೂ ಕೇಳಿ: 19ರಿಂದ 22ನೇ ಬೇಡಿಕೆ ಮತಕ್ಕೆ ಬಂದ ದಿನ ನೀವು ಸಭೆಯಲ್ಲಿದ್ದಿರಾ? ನನ್ನ ಅಣ್ಣನ ಮಗನ ನಾಲ್ಕು ವರ್ಷ 2026ರ ಕೊನೆಗೆ ಮುಗಿಯುತ್ತವೆ.